ಪೊಲೀಸಾಕಿ ಗಂಡಗ ಬಾಡಿಗಿ ಮನಿ

ಮಸರಕಲ್, ದೇವದುರ್ಗ ತಾಲೂಕು
ಐತಾರ, ೯ ಫೆಬ್ರವರಿ ೨೦೨೫

ನನ್ನ ಪ್ರೀತಿಯ ಅಂಬಿಕಾ,

ಹೆಂಗಿದ್ದಿ ಬೇ? ಮೊದಲ ನಿನ್ನ ಕಾಲಿನ ಸುದ್ದಿ ಹೇಳು. ಹೋದ ಐತಾರ ಫೋನಿನ್ಯಾಗ ಬೂಟು ಕಚ್ಚಿ ಹಿಮ್ಮಡಕ್ಕ ಬೊಬ್ಬಿ ಎದ್ದಾವ ಅಂದಿದ್ದಿ, ಅವತ್ತಿಂದ ನನ್ನ ಹಿಮ್ಮಡ ಉರಿಯಾಕತ್ತಾವ ನೋಡು. ಮಲಗೂಮುಂದ ಕೊಬ್ಬರಿ ಎಣ್ಣಿ ಹಚ್ಚಿಕೋ, ಅಸಡ್ಡಿ ಮಾಡಬ್ಯಾಡ. ಅಲ್ಲಿ ಚಪಾತಿ ರಬ್ಬರಿನಂಗ ಇರ್ತಾವ ಅಂತ ಅರ್ಧಾ ಹೊಟ್ಟೀಲೆ ಎದ್ದು ಬರಬ್ಯಾಡ, ಪರೇಡಿನ್ಯಾಗ ಕಣ್ಣಿಗೆ ಕತ್ತಲಿ ಬಂದು ಬಿದ್ರ ಹಿಡಿಯಾಕ ನಾ ಏನ್ ಅಲ್ಲಿ ಇರ್ತೀನೇನು? ಇಲ್ಲಿ ಅವ್ವ ಆರಾಮ ಅದಾಳ, ಎಮ್ಮಿ ಆರಾಮ ಅದ, ನಾನೂ ಆರಾಮ ಅದೀನಿ. ಈ ಸಾಲು ಅವ್ವ ಹೇಳಿ ಬರಸಿದ್ದು, ಅಕಿ ಲೆಕ್ಕದಾಗ ಎಮ್ಮಿ ನನಗಿಂತ ಮೊದಲ. ನೀ ಪೊಲೀಸ್ ತರಬೇತಿಗೆ ಹೋದ ಮ್ಯಾಲ ವಾರಕ್ಕೊಮ್ಮಿ ಐದ ನಿಮಿಷ ಫೋನ್ ಕೊಡ್ತಾರ, ಅದರಾಗ ನಾನು ಊಟಾತೇನು ಅಂತ ಕೇಳೂದ್ರಾಗ ನಿನ್ನ ಹಿಂದ ನಿಂತ ಹುಡುಗ್ಯಾರು "ಲಗೂನ ಮುಗಸಬೇ" ಅಂತ ಚೀರತಾರ. ಅದಕ್ಕ ಈ ಪತ್ರ. ಸಾಲಿ ಬಿಟ್ಟ ಮ್ಯಾಲ ಇಷ್ಟುದ್ದ ಬರ್ಯಾಕತ್ತಿದ್ದು ಇದ ಮೊದಲ. ತಪ್ಪಿದ್ರ ನಗು, ಆದರ ಒಬ್ಬಾಕಿನ ನಗು, ಆ ಹುಡುಗ್ಯಾರಿಗೆ ಓದಿ ಹೇಳಬ್ಯಾಡ.

ಈಗ ವಿಷಯಕ್ಕ ಬರ್ತೀನಿ. ಈ ತಿಂಗಳ ಕಡಿಗೆ ಯಾವ ಠಾಣಿ ಬೇಕಂತ ನೀವೆಲ್ಲ ಬರದು ಕೊಡಬೇಕು, ನಿನ್ನ ಮುಂದ ರಾಯಚೂರು ಅದ, ದೇವದುರ್ಗ ಅದ. ನೀ ಏನಂದಿ? "ನಾ ದೇವದುರ್ಗ ಅಂತ ಬರದು ಕೊಡ್ತೀನ್ರಿ, ಅತ್ತಿ ಊರು ಬಿಟ್ಟು ಬರಂಗಿಲ್ಲ, ನಿಮ್ಮ ಟಂಟಂ ಗಾಡಿನೂ ಇಲ್ಲೇ ಓಡ್ತದ" ಅಂದು ಫೋನ್ ಇಟ್ಟಿ. ಅಲ್ಲಬೇ, ಪಿಎಸ್‌ಐ ಪರೀಕ್ಷಿ ಕಟ್ಟತೀನಿ, ಹೆಗಲ ಮ್ಯಾಲ ಎರಡು ಸ್ಟಾರ್ ಹಚ್ಚಿಕೊಂಡು ತೋರಸ್ತೀನಿ ಅಂತ ಲಗ್ನಾದ ವರ್ಷದಿಂದ ನನ್ನ ಕಿವಿ ತಿಂದಾಕಿ ಯಾರು? ದೇವದುರ್ಗದಾಗ ಅದಕ್ಕ ಓದಸೋರು ಯಾರದಾರ? ನಿನ್ನ ದನಿ ಕೇಳಿದ್ರ ನನಗ ಗೊತ್ತಾಗ್ತದ, ಆಸಿ ಒಂದು ಕಡಿ ಇತ್ತು, ಮಾತು ಒಂದು ಕಡಿ ಹೊಂಟಿತ್ತು. ಮರುದಿನ ಮುಂಜಾನೆದ್ದು ಟಂಟಂ ಮನಿ ಮುಂದ ನಿಂದ್ರಿಸಿ ರಾಯಚೂರ ಬಸ್ಸು ಹತ್ತಿಬಿಟ್ಟೆ. ಅವ್ವಗ ಗಾಡಿ ರಿಪೇರಿ ಸಾಮಾನು ತರಾಕ ಅಂತ ಹೇಳಿದ್ದೆ.

ಕವಿತಾಳದ ಖಲೀಲ್ ನೆನಪದಾನಲ್ಲ? ನನ್ನ ಕೂಡ ದೇವದುರ್ಗ ಸ್ಟ್ಯಾಂಡಿನ್ಯಾಗ ಟಂಟಂ ಹೊಡೀತಿದ್ದ, ಆಮ್ಯಾಲ ಮಾನ್ವಿಗೆ ಹೋದ, ಅಲ್ಲಿ ಬ್ಯಾಸರಾಗಿ ಈಗ ರಾಯಚೂರಾಗ ಆಟೊ ಹೊಡ್ಯಾಕತ್ಯಾನ. ಬಸ್ ಸ್ಟ್ಯಾಂಡಿಗೆ ಬಂದು ನನ್ನ ಕುಂದ್ರಿಸಿಕೊಂಡು, ಮೊದಲ ಸ್ಟೇಷನ್ ರಸ್ತಾದಾಗ ಮಂಡಾಳ ಒಗ್ಗರಣಿ, ಬಿಸಿ ಬಿಸಿ ಮಿರ್ಚಿ ತಿನ್ನಿಸಿದ. ಆಹಾ ಅಂಬಿಕಾ! ದೇವದುರ್ಗದಾಗ ನಿಂತು ಒಂದು ಮಿರ್ಚಿ ತಿಂದ್ರ ನಾ ಮನಿ ಮುಟ್ಟೂದ್ರಾಗ ಅವ್ವಗ ಸುದ್ದಿ ಮುಟ್ಟಿರ್ತದ. ಅಲ್ಲಿ ನಾಕು ತಿಂದೆ, ಒಬ್ಬ ಸೈತ ಹೊಳ್ಳಿ ನೋಡಲಿಲ್ಲ. ಅಲ್ಲಿಂದ ಪರೀಕ್ಷಿಗೆ ಓದಸೋ ಕ್ಲಾಸಿಗೆ ಹೋದ್ವಿ. ಮಾಳಿಗಿ ತುಂಬ ಹುಡುಗ್ಯಾರು, ಜಾಗ ಸಾಲದ ಮೆಟ್ಟಲ ಮ್ಯಾಲೂ ಕುಂತು ಓದಾಕತ್ತಾರ. ಯರಗೇರಾದ ಯುನಿವರ್ಸಿಟಿ ಮುಗಿಸಿ ಬಸ್ಸು ಇಳದು ಸೀದಾ ಅಲ್ಲಿಗೆ ಬರ್ತಾರಂತ. ಒಬ್ಬಾಕಿ ಡ್ಯೂಟಿ ಮುಗಿಸಿ ಬಂದಾಕಿ, ಖಾಕಿ ಪ್ಯಾಂಟಿನ ಮ್ಯಾಲ ಚೂಡಿ ಟಾಪ್ ಹಾಕ್ಕೊಂಡು ಪುಸ್ತಕದಾಗ ಮಾರಿ ಇಟ್ಟಿದ್ಲು. ಅಕಿನ್ನ ನೋಡಿ ನನ್ನ ಎದಿ ಹಿಗ್ಗಿಬಿಡ್ತು. ಇಲ್ಲೇ, ಇದ ಮೆಟ್ಟಲ ಮ್ಯಾಲ ನನ್ನಾಕಿ ಕುಂದ್ರತಾಳ ಅಂತ ಖಲೀಲಗ ಹೇಳಿದ್ರ ಅವ "ಮೆಲ್ಲಕ ಮಾತಾಡೋ, ಓದಾಕತ್ತಾರ" ಅಂತ ಬೈದ. ರಾಯಚೂರಾಗ ಅವ್ವನ ಮೊಣಕಾಲಿಗೂ ದೊಡ್ಡ ಡಾಕ್ಟರು ಅದಾರ, ಇನ್ನ ಮ್ಯಾಲ ಗಿಡಮೂಲಿ ಕಟ್ಟೂದು ಬ್ಯಾಡ. ಸ್ಟೇಷನ್ನಿಗೆ ಹೋದ್ರ ಒಂದು ರೈಲು ಮುಂಬೈಗೆ ಹೊಂಟದ, ಒಂದು ಮದ್ರಾಸಿಗೆ ಹೊಂಟದ. ನಾವು ಎಲ್ಲಿಗೂ ಹೋಗಂಗಿಲ್ಲ ಖರೇ, ಆದರ ಮನಸ್ಸು ಬಂದ್ರ ಹೋಗಬಹುದಲ್ಲ!

ಬರೇ ಹೊಗಳಾಕತ್ತಾನ ಅನಬ್ಯಾಡ, ಕೆಟ್ಟದ್ದೂ ಹೇಳ್ತೀನಿ. ಬಿಸಲು ಅಂದ್ರ ಬಿಸಲು, ಇನ್ನ ಫೆಬ್ರವರಿ, ಆಗಲೇ ಕ್ವಾಟಿ ಕಲ್ಲು ರೊಟ್ಟಿ ಹಂಚಿನಂಗ ಕಾದಾವ. ನಳ ದಿನಾ ಬರಂಗಿಲ್ಲ, ಬಂದಾಗ ಓಣಿ ತುಂಬ ಕೊಡ, ಬಕೇಟು, ಜಗಳ. ಸೊಳ್ಳಿ ನಮ್ಮೂರಿನವಕ್ಕಿಂತ ದಪ್ಪ ಅದಾವ. ಇಲ್ಲಿ ಹೊಲದ ಬದುವಿನ್ಯಾಗ ಸಿಗೋ ಪುಂಡಿಪಲ್ಯ ಅಲ್ಲಿ ಕಟ್ಟು ಕಟ್ಟಿ ಮಾರ್ತಾರ, ಕೊತ್ತಂಬ್ರಿ ಸೈತ ಕೊಂಡ ತಿನ್ನಬೇಕು. ನನ್ನ ಟಂಟಂ ಸಿಟ್ಯಾಗ ಓಡಂಗಿಲ್ಲ, ಅದಕ್ಕ ಬ್ಯಾರೆ ಪರ್ಮಿಟ್ಟು. ಆಟೊ ಸ್ಟ್ಯಾಂಡಿನವರು ಹೊಸಬನ್ನ ಪಾಳಿಗೆ ಬಿಟ್ಟುಕೊಳ್ಳಂಗಿಲ್ಲ. ಖಲೀಲ್ ತನ್ನ ಅಣ್ಣನ ಆಟೊ ಸಂಜಿಕಡೆ ಹೊಡಿಯಾಕ ಕೊಡಸ್ತೀನಿ ಅಂದಾನ, ಮೊದಲ ಸ್ವಲ್ಪ ದಿನ ತ್ರಾಸ ಅದ, ಸುಳ್ಳು ಹೇಳಂಗಿಲ್ಲ. ನಮ್ಮೂರ ಕಟ್ಟಿ ಮ್ಯಾಲಿನವರಿಗೆ ಈಗಲೇ ಗೊತ್ತಾಗ್ಯದ, "ಹೆಂಡ್ತಿ ಡ್ಯೂಟಿಗೆ ಹೋದ್ರ ತಿರುಪತಿ ಮನ್ಯಾಗ ರೊಟ್ಟಿ ಬಡೀತಾನ" ಅಂತ ಹಲ್ಲು ಕಿಸ್ಯಾಕತ್ಯಾರ. ಕಿಸಿಲಿ. ನನಗ ರೊಟ್ಟಿ ಬಡಿಯಾಕ ಬರ್ತದ, ಅವರಿಗೆ ಬರಂಗಿಲ್ಲ.

ಇನ್ನ ಮನಿ ಹುಡುಕಿದ ಕತಿ ಕೇಳು. ಕ್ವಾರ್ಟರ್ಸಿಗೆ ವರ್ಷಗಟ್ಟಲೆ ಪಾಳಿ ಅಂತ ನೀನ ಹೇಳಿದ್ದಿ, ಬಾಡಿಗಿ ಮನಿನೇ ಗತಿ. ಮೊದಲನೇ ಮನ್ಯಾಗ ಎಲ್ಲಾ ಮಾತು ಮುಗದು ಚಾ ಕುಡ್ಯಾಕತ್ತಿದ್ವಿ. ಮಾಲಕ ಮನ್ಯಾಗ ಯಾರ್ಯಾರು ಇರ್ತೀರಿ ಅಂದ. ನಾ ಎದಿ ಉಬ್ಬಿಸಿ "ನನ್ನ ಹೆಂಡ್ತಿ ಪೊಲೀಸ್ ಅದಾಳ್ರಿ" ಅಂದೆ. ಅವನ ಕೈಯಾಗಿನ ಕಪ್ಪು ಅಲ್ಲೇ ನಿಂತುಬಿಡ್ತು. ಮಗಳು ಬಾಣಂತನಕ್ಕ ಬರಾಕಿ ಅದಾಳಂತ, ಮನಿ ಬೇಕಾಗ್ತದಂತ, ಆಗಿಂದಾಗ ನೆನಪಾತು ಅವಗ. ಎರಡನೇ ಮನಿಯವ ಇವನಗಿಂತ ಸಾಚಾ, "ಪೊಲೀಸ್ರಿಗೆ ಕೊಟ್ರ ಬಾಡಿಗಿ ಕೇಳಾಕೂ ಅಂಜಿಕಿ, ಖಾಲಿ ಮಾಡ್ರಿ ಅನ್ನಾಕೂ ಅಂಜಿಕಿ, ನಮಗ್ಯಾಕ್ರಿ" ಅಂತ ಕೈ ಮುಗದ. ಖಲೀಲ್ ನನ್ನ ಮ್ಯಾಲ ಹರಿಹಾಯ್ದ, "ಬಾಯಿಗೆ ಬೀಗ ಹಾಕ್ಕೊಳ್ಳೋ ಮಾರಾಯ, ಹೆಂಡ್ತಿ ನೌಕರಿ ಮಾಡ್ತಾಳ ಅಂತಷ್ಟ ಹೇಳು." ಆತಪಾ ಅಂದೆ. ಮೂರನೇ ಮನ್ಯಾಗ ಹಂಗ ಹೇಳಿದೆ. ಮಾಲಕನ ಹೆಂಡ್ತಿ ಬಾಳ ಚಲೋ ಹೆಣಮಗಳು, "ಯಾವ ನೌಕರಿನೋ ತಮ್ಮಾ, ಟೀಚರೇನು" ಅಂದ್ರು. ಹೂಂ ಅಂದಿದ್ರ ಮುಗದ ಹೋಗ್ತಿತ್ತು. ನನ್ನ ಕೈಲೆ ಆಗಲಿಲ್ಲ ಅಂಬಿಕಾ! ಕೈ ತಾನ ಕಿಸೆಕ್ಕ ಹೋಗಿ ಫೋನ್ ತಗದು, ಖಾಕಿ ಹಾಕ್ಕೊಂಡ ನಿನ್ನ ಫೋಟೊ ತೋರಸಿಬಿಡ್ತು. ಆ ಮನಿನೂ ಹೋತು. ಖಲೀಲ್ ಆಟೊದಾಗ ಕುಂತು ಹಣಿ ಹಣಿ ಬಡಕೊಂಡ. ಹೋದ್ರ ಹೋಗಲಿ, ನಿನ್ನ ಮುಚ್ಚಿಟ್ಟು ಸಿಗೋ ಮನಿ ನನಗ ಬ್ಯಾಡ.

ಕಡಿಗೆ ಆಶಾಪುರ ರಸ್ತಾದಾಗ ಗೋಪಮ್ಮ ಅನ್ನೋರ ಮನಿಗೆ ಹೋದ್ವಿ. ದವಾಖಾನ್ಯಾಗ ನರ್ಸ್ ಇದ್ದು ರಿಟೈರ್ ಆಗ್ಯಾರ, ಕೆಳಗ ಒಬ್ಬರ ಇರ್ತಾರ, ಮ್ಯಾಲಿನ ಎರಡು ಖೋಲಿ ಬಾಡಿಗಿಗೆ. ಈ ಸಲ ನಾ ಚಪ್ಪಲಿ ಬಿಡೂಕಿಂತ ಮೊದಲ ಹೇಳಿಬಿಟ್ಟೆ, "ಹೆಂಡ್ತಿ ಪೊಲೀಸ್ರಿ, ಕೊಡ್ತೀರೋ ಇಲ್ಲೋ?" ಅವರು ನಕ್ಕು, "ನಂದು ರಾತ್ರಿ ಡ್ಯೂಟಿ ಅಂತ ಆಗ ನನಗೂ ಯಾರೂ ಮನಿ ಕೊಡತಿದ್ದಿಲ್ಲಪಾ, ಆ ಸಿಟ್ಟಿಗೇ ಈ ಮನಿ ಕಟ್ಟಿಸಿದೆ. ಬರ್ರಿ ಒಳಗ" ಅಂದ್ರು. ಬೋರು ಅದ, ನೀರಿನ ಫಿಕರ ಇಲ್ಲ. ಎರಡೂ ಖೋಲಿಗೆ ಕಿಟಕಿ ಅದಾವ, ಗ್ವಾಡ್ಯಾಗ ನಿನ್ನ ಪುಸ್ತಕಕ್ಕ ಅಲಮಾರಿ ಅದ. ತಿಂಗಳ ಕಡಿತನಕ ಬ್ಯಾರೆಯವರಿಗೆ ಕೊಡಂಗಿಲ್ಲ ಅಂತ ಮಾತು ಕೊಟ್ಟಾರ. ನನಗ ಆಟೊದಾಗ ಕುಂತು ಕುಣಿಯೂದೊಂದ ಬಾಕಿ ಇತ್ತು.

ಶುಕ್ರವಾರ ಅವ್ವಗ ಖರೇ ಹೇಳಿ, ಕರಕೊಂಡು ಹೋಗಿ ತೋರಿಸಿದೆ. ಮೆಟ್ಟಲ ಹತ್ತಿ, ಗ್ವಾಡಿ ಬಡದು ನೋಡಿ, ಸೂರ್ಯ ಯಾವ ಕಡಿ ಹುಟ್ಟತಾನ ಅಂತ ಕೇಳಿದ್ಲು. ಗೋಪಮ್ಮನವರ ಪಡಸಾಲ್ಯಾಗ ಬುದ್ಧನ ಫೋಟೊ ನೋಡಿ ಇವರು ಯಾರ ಪೈಕಿ ಅಂತ ತಿಳದು, ನೀರಿನ ತಂಬಗಿ ಹಿಡಕೊಂಡು ಒಂದೀಟು ತಡದ್ಲು. ಆಮ್ಯಾಲ ಗಟಗಟ ಕುಡದ್ಲು, ಬಿಸಲು ಹಂಗಿತ್ತು. ಕುಡದ ಮ್ಯಾಲ ಇಬ್ರೂ ಮೊಣಕಾಲಿನ ಬ್ಯಾನಿ ಬಗ್ಗೆ ಮಾತಾಡಿದ್ದ ಮಾತಾಡಿದ್ದು, ನಾ ಕೆಲಸ ಆತು ಅಂತ ತಿಳಕೊಂಡೆ. ಹೊಳ್ಳಿ ಬರೂಮುಂದ ಬಸ್ಸಿನ್ಯಾಗ ಅಂದ್ಲು, "ಮನಿ ಚಲೋ ಅದ, ಆ ಹೆಣಮಗಳೂ ಚಲೋ ಅದಾಳ. ನೀವಿಬ್ರೂ ಇರ್ರಿ. ನಾ ಒಲ್ಲೆ. ಊರಾಗ ನಾ ಒಂದಿನ ಹೊರಗ ಬರಲಿಲ್ಲಂದ್ರ ಹತ್ತು ಮಂದಿ ಬಾಗಲ ಬಡೀತಾರ, ಅಲ್ಲಿ ಯಾರು ಬಡೀತಾರೋ ಯಪ್ಪಾ?" ಅಕಿ ಹೇಳಿದ್ದೂ ಸುಳ್ಳಲ್ಲ. ಅಕಿನ್ನ ಬಿಟ್ಟು ನೀ ಬರಂಗಿಲ್ಲ, ನಿನ್ನ ಬಿಟ್ಟು ನಾ ಇರಂಗಿಲ್ಲ, ಊರು ಬಿಟ್ಟು ಅಕಿ ಬರಂಗಿಲ್ಲ. ಹಿಂಗ ಕುಂತದ ನೋಡು ನಮ್ಮ ಸಂಸಾರ. ಆದರೂ ನೀ ಅವಸರ ಮಾಡಿ ದೇವದುರ್ಗ ಅಂತ ಬರದು ಕೊಡಬ್ಯಾಡ, ಇನ್ನ ದಿನ ಅದಾವ, ನಾ ಅಕಿ ಬೆನ್ನು ಬಿದ್ದೀನಿ.

ಮೈ ಕಡಿ ಲಕ್ಷ್ಯ ಇರಲಿ, ಓಡೂಮುಂದ ಎಲ್ಲಾರಕಿಂತ ಮುಂದ ಬರಬೇಕಂತ ಕಾಲು ಮುರಕೋಬ್ಯಾಡ. ನಿಮ್ಮ ಕಡೀ ಪರೇಡಿನ ದಿನ ಅವ್ವನೂ ನಾನೂ ಮುಂದಿನ ಕುರ್ಚ್ಯಾಗ ಕುಂತಿರ್ತೀವಿ, ನಮ್ಮ ಕಡಿ ನೋಡಿ ನಕ್ಕುಬಿಟ್ಟೀ ಜ್ವಾಕಿ, ಸಾಹೇಬ್ರು ಬೈತಾರ. ಅವ್ವ ನಿನ್ನ ತಲಿ ಮ್ಯಾಲ ಕೈ ಇಟ್ಟೀನಂತ ಬರಿ ಅಂದಾಳ, ಇಟ್ಟಾಳ ಅಂತ ತಿಳಕೋ. ಖಲೀಲ್ ಸಲಾಮ್ ಹೇಳ್ಯಾನ.

ಯಾವತ್ತಿದ್ರೂ ನಿನ್ನವ,
ತಿರುಪತಿ

ತಾ.ಕ.: ಲಕೋಟಿಗೆ ಅಂಟು ಹಚ್ಚಿ ಆಗಿತ್ತು, ಹರದು ಮತ್ತ ಬರ್ಯಾಕತ್ತೀನಿ, ಅಕ್ಷರ ಸೊಟ್ಟ ಆದ್ರ ಆಗಲಿ. ಈಗ ತಾನ ನಮ್ಮ ಕಾಕಾನ ಮಗ ಹನುಮಂತರಾಯ ಬಂದು ಹೋದ. ಉಸುಕು ಕದ್ದು ಹೇರೋ ಅವನ ಟ್ರ್ಯಾಕ್ಟರು ಯಾವ ಹೊತ್ತಿನ್ಯಾಗ ಹೊಳಿಗೆ ಇಳೀತಾವ ಅಂತ ಊರಿಗೆಲ್ಲ ಗೊತ್ತದ. ನಿನಗಂತ ಇಳಕಲ್ಲ ಸೀರಿ, ಅವ್ವಗಂತ ಪೇಡೆ ಡಬ್ಬಿ ತಂದಿದ್ದ. "ಅತ್ತಿಗಿ ದೇವದುರ್ಗ ಠಾಣಿಗೇ ಬರ್ತಾಳಂತಲ್ಲ, ಇನ್ನ ನಮಗ ಯಾರ ಅಂಜಿಕಿ" ಅಂತ ಪಡಸಾಲ್ಯಾಗ ಕುಂತು ನಕ್ಕ. ರಾಯಚೂರಾಗ ಪೊಲೀಸಂದ್ರ ಬಾಗಲ ಹಾಕ್ಕೊಂಡ್ರು, ಇಲ್ಲಿ ಪೊಲೀಸಂದ್ರ ಸೀರಿ ಹೊತ್ಕೊಂಡು ಬರಾಕತ್ಯಾರ. ಖರೇ ಹೇಳ್ತೀನಿ, ಎದ್ದು ಹೋಗು ಅನ್ನಾಕ ನನ್ನ ಕೈಲೆ ಆಗಲಿಲ್ಲ. ತಮ್ಮ ಅಲ್ಲೇನು! ನಾಳಿ ನೀ ಇವನ್ನ ಹಿಡದ್ರ ಮನಿ ಒಡೀತದ, ಬಿಟ್ರ ನಿನ್ನ ಖಾಕಿಗೆ ಮಸಿ. ಅವ್ವ ಒಳಗಿಂದ ಬಂದ್ಲು. ಸೀರಿ ಅಂಚು ಮುಟ್ಟಿ ನೋಡಿದ್ಲು, ಮಡಚಿ ಅವನ ತೊಡಿ ಮ್ಯಾಲ ಇಟ್ಲು, ಮ್ಯಾಲ ಪೇಡೆ ಡಬ್ಬಿನೂ ಇಟ್ಲು. "ನನ್ನ ಸೊಸಿ ಅಲ್ಲಿ ಓಡಿ ಓಡಿ ಜೀವ ತೇಯಾಕತ್ತಿದ್ದು ನಿನ್ನ ಉಸುಕು ಕಾಯಾಕಲ್ಲೋ ಹನುಮ್ಯಾ, ತಗೊಂಡು ನಡಿ" ಅಂದ್ಲು. ಅವ ಹೋದ ಮ್ಯಾಲ ನನ್ನ ಕಡಿ ತಿರುಗಿ, "ನಾನೂ ರಾಯಚೂರಿಗೆ ಬರ್ತೀನಿ, ಅಕಿಗೆ ಬರದು ಹಾಕು" ಅಂದ್ಲು. ಈಗ ಮಗ್ಗಲ ನಿಂತು ಬರದಿಯೇನು, ಬರದಿಯೇನು ಅಂತ ಜೀವ ತಿನ್ನಾಕತ್ತಾಳ. ಅಂಬಿಕಾ, ನೀ ಈಗಾಗಲೇ ದೇವದುರ್ಗ ಅಂತ ಬರದು ಕೊಟ್ಟಿದ್ರ, ಈ ಪತ್ರ ಮುಟ್ಟಿದ ಗಳಿಗ್ಯಾಗ ಓಡಿ ಹೋಗಿ ಸಾಹೇಬ್ರ ಮುಂದ ನಿಂತು ಅದನ್ನ ಹೊಡದು ಹಾಕಿಸಿ ರಾಯಚೂರು ಅಂತ ಬರಿ. ಅತ್ತಿ ಬರಂಗಿಲ್ಲಂತ ಅಲ್ಲೇನು ನೀ ಸೋತಿದ್ದು? ಅತ್ತಿ ಹೊಂಟು ನಿಂತಾಳ.