ಚರ್ಚಿನ ಕೆಳಕೋಣೆಗೆ ಬೀಗ ಜಡಿಸಿದವರಿಗೆ

ಶಿಕ್ಷಣಕ್ಕೆ ಬೀಗ ಹಾಕುವ ಅಧಿಕಾರವನ್ನೂ ಪಡೆದಿರುವ ಮಾನ್ಯ ಶಿಕ್ಷಣಾಧಿಕಾರಿಗಳೇ,

ನಮ್ಮ ಚರ್ಚಿನ ಕೆಳಕೋಣೆಯಲ್ಲಿ ವಲಸೆ ಬಂದವರ ಮಕ್ಕಳಿಗೆ ಪಾಠ ನಡೆಯುತ್ತಿತ್ತು. ಅದು ಅನುಮತಿಯಿಲ್ಲದ ಶಾಲೆಯೆಂದು ತಾವು ಬೀಗ ಜಡಿಸಿದಿರಿ. ಮಕ್ಕಳ ಪುಸ್ತಕಗಳೂ ಒಳಗೇ ಉಳಿದವು. ಶಾಲಾ ಪ್ರವೇಶದ ಭಾಷಾ ಪರೀಕ್ಷೆ ಇನ್ನೇನು ಬಂತು ಅನ್ನುವಾಗ ಮಾಡಿದ ಈ ಘನಕಾರ್ಯಕ್ಕೆ ತಮಗೆ ಅಭಿನಂದನೆಗಳು.

ಈ ಮಕ್ಕಳು ಮೊದಲು ಬಂದದ್ದು ನಮ್ಮಲ್ಲಿಗಲ್ಲ, ತಮ್ಮ ಇಲಾಖೆಯ ಶಾಲೆಗಳಿಗೆ. ಇಲ್ಲಿಯ ಭಾಷೆ ಕಲಿತು ಬನ್ನಿ ಎಂದು ಬಾಗಿಲಲ್ಲೇ ತಿರುಗಿಸಿ ಕಳಿಸಿದಿರಿ. ಎಲ್ಲಿ ಕಲಿಯಬೇಕಿತ್ತು? ಬಸ್ ನಿಲ್ದಾಣದಲ್ಲಿಯೇ? ಪಾದ್ರಿಗಳು ಕೋಣೆ ಬಿಟ್ಟುಕೊಟ್ಟರು, ಚರ್ಚಿನ ಸಭೆಯವರು ಬೆಂಚು, ಪುಸ್ತಕ ತಂದರು, ನಿವೃತ್ತಳಾಗಿ ಮನೆಯಲ್ಲಿ ನೊಣ ಹೊಡೆಯುತ್ತಿದ್ದ ನಾನು ಮತ್ತೆ ಸೀಮೆಸುಣ್ಣ ಹಿಡಿದೆ. ದೇವರು ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರೆ. ಇಲ್ಲಿ ದೇವರೂ ಕೊಟ್ಟ, ಪಾದ್ರಿಗಳೂ ಕೊಟ್ಟರು, ಅಡ್ಡ ಮಲಗಿದವರು ತಾವು. ಪಾಠದ ನೆಪದಲ್ಲಿ ಮತಾಂತರ ಮಾಡುತ್ತೀರಾ ಎಂದೂ ಕೇಳಿದಿರಿ. ನಾನು ಭಿನ್ನರಾಶಿ ಕಲಿಸಿದ್ದರಿಂದ ಇದುವರೆಗೆ ಯಾವ ಮಗುವೂ ನನ್ನ ದೇವರನ್ನು ನಂಬಿಲ್ಲ. ನನ್ನನ್ನು ಶಪಿಸಿದವರೇ ಹೆಚ್ಚು.

ಹೋಟೆಲುಗಳ ಬಟ್ಟೆ ಒಗೆಯುವ ಲಾಂಡ್ರಿಯಲ್ಲಿ ದುಡಿಯುವ ಒಬ್ಬ ತಾಯಿಯ ಮಗಳಿದ್ದಾಳೆ. ಅರಳು ಹುರಿದ ಹಾಗೆ ಮಾತಾಡುತ್ತಾಳೆಂದು ನಾವೆಲ್ಲ ಅವಳನ್ನು ರೇಡಿಯೋ ಎನ್ನುತ್ತೇವೆ. ತಪಾಸಣೆಯ ದಿನ ತಮಗೆ ಕುರ್ಚಿ ಎಳೆದುಕೊಟ್ಟು, ಹೊಸ ಭಾಷೆಯಲ್ಲಿ ಒಂದು ತಪ್ಪೂ ಇಲ್ಲದೆ “ನಮಸ್ಕಾರ ಸರ್, ಕೂತ್ಕೊಳ್ಳಿ” ಎಂದವಳು ಅವಳೇ. ತಾವು ಕೂತಿರಿ. ಕೂತೇ ಬೀಗದ ಆದೇಶ ಬರೆದಿರಿ.

ಪುಸ್ತಕವಿಲ್ಲದೆ ಬರೆದ ಪರೀಕ್ಷೆಯಲ್ಲಿ ಅವಳು ಕೂದಲೆಳೆ ಅಂತರದಲ್ಲಿ ನಪಾಸಾದಳು. ಲಾಂಡ್ರಿಗೆ ಹೋಗಿ ನೋಡಿದೆ. ಆವಿ ತುಂಬಿದ ಹಿಂದಿನ ಕೋಣೆಯಲ್ಲಿ ತನಗಿಂತ ಉದ್ದದ ಹಾಸುಬಟ್ಟೆ ಮಡಚುತ್ತಿದ್ದಳು.

“ಬಿಟ್ಬಿಡಿ ಟೀಚರ್,” ಎಂದರು ತಾಯಿ. “ಓದು ಅವಳ ಹಣೇಲಿ ಬರೆದಿಲ್ಲ. ಕೆಲ್ಸನಾದ್ರೂ ಕಲೀಲಿ.”

ಮಗಳು ತಲೆಯೆತ್ತದೆ ಕೇಳಿದಳು: “ನಾನು ದಡ್ಡಿ ಅಲ್ವಾ ಟೀಚರ್?”

ಹಣೆಬರಹ ಬರೆಯುವ ಕೆಲಸವನ್ನು ತಾವು ಯಾವಾಗ ವಹಿಸಿಕೊಂಡಿರಿ, ಮಾನ್ಯರೇ? ಆ ಮಗು ತನ್ನನ್ನು ತಾನೇ ದಡ್ಡಿ ಎಂದುಕೊಂಡಿತಲ್ಲ, ಅದಕ್ಕೆ ನನ್ನ ಹೊಟ್ಟೆ ಉರಿಯುತ್ತಿದೆ. ಕ್ಷಮಿಸಬೇಕೆಂದು ಪಾದ್ರಿಗಳು ಪ್ರತಿ ಭಾನುವಾರ ಬೋಧಿಸುತ್ತಾರೆ. ಭಾನುವಾರ ನಾನು ತಮ್ಮನ್ನು ಕ್ಷಮಿಸುತ್ತೇನೆ. ಉಳಿದ ಆರು ದಿನ ಬಿಡುವುದಿಲ್ಲ.

ಮರುಪರೀಕ್ಷೆ ಕೇಳಲು ಕಚೇರಿಗೆ ಬಂದಾಗ ತಾವು, “ಹೊರಗೆ ಕಾಯ್ತಾ ಇರಿ ಅಮ್ಮಾ, ಕರೀತೀವಿ” ಎಂದಿರಿ. ಸಂಜೆಯವರೆಗೂ ಕರೆಯಲಿಲ್ಲ. ಕೂತಿದ್ದರಿಂದ ನನಗೆ ಲಾಭವೇ ಆಯಿತು. ಸಾರ್ವಜನಿಕರು ಕಾಯುವ ಆ ಕೊಠಡಿ ಬಹಳ ಚೆನ್ನಾಗಿದೆ. ಫ್ಯಾನಿದೆ, ಉದ್ದನೆಯ ಬೆಂಚುಗಳಿವೆ, ತಮ್ಮ ಕೋಣೆಗೂ ಅದಕ್ಕೂ ನಡುವೆ ಬರೀ ತೆಳು ಹಲಗೆಯ ಗೋಡೆ.

ನನ್ನ ಬೇಡಿಕೆ ಇಷ್ಟೇ. ಬೀಗ ತೆಗೆಸಿ, ತಮ್ಮ ಶಾಲೆಗಳು ತೆರೆಯುವ ಮೊದಲು ಆ ಹುಡುಗಿಗೆ ಮರುಪರೀಕ್ಷೆ ಕೊಡಿ. ಅಲ್ಲಿಯವರೆಗೆ, ಬರುವ ಸೋಮವಾರದಿಂದ, ನಾನೂ ಎಲ್ಲ ಮಕ್ಕಳೂ ತಮ್ಮ ಕಚೇರಿಯ ಆ ಕೊಠಡಿಯಲ್ಲಿ ಕಾಯುತ್ತೇವೆ. ಪಾಠ ಮಾಡುವುದಿಲ್ಲ, ಅನುಮತಿ ಇಲ್ಲವಲ್ಲ. ಬೇಸರ ಕಳೆಯಲು ಮಗ್ಗಿ ಹೇಳುತ್ತೇವೆ, ಎರಡರಿಂದ ಇಪ್ಪತ್ತರವರೆಗೆ, ಗಟ್ಟಿಯಾಗಿ. ಹೇಳಿಕೊಡುವವಳು ರೇಡಿಯೋ. ತಾಯಿಯನ್ನು ಒಪ್ಪಿಸಿ ಅವಳನ್ನು ಲಾಂಡ್ರಿಯಿಂದ ಬಿಡಿಸಿಕೊಂಡು ಬಂದಿದ್ದೇನೆ. ಇಪ್ಪತ್ತರ ಮಗ್ಗಿ ಮುಗಿದ ಮೇಲೂ ತಾವು ಕರೆಯದಿದ್ದರೆ ಮತ್ತೆ ಎರಡರಿಂದ ಶುರು ಮಾಡುತ್ತಾಳೆ.

ಇಂತಿ,
ತಮ್ಮ ವಿಶ್ವಾಸಿ ಎಂದು ಬರೆಯಲು ಕೈ ಬಾರದ,
ಪರವಾನಗಿಯಿಲ್ಲದೆ ಅಕ್ಷರ ಕಲಿಸಿದ ನಿವೃತ್ತ ಟೀಚರ್