ಬೆಟ್ಟದ ಟ್ರಾಮಿನಲ್ಲಿ ಒಂದು ಜಾಗ

ಮೇ 19, ಮಂಗಳವಾರ

ಇದು ಅನ್ಯಾಯ. ಬೆಟ್ಟದ ಮೇಲೆ ಬದುಕುವವರಿಗಾಗಿ ಹಾಕಿದ ಟ್ರಾಮಿನಲ್ಲಿ ಬೆಟ್ಟದವರಿಗೇ ಜಾಗವಿಲ್ಲ. ಇವತ್ತೂ ಅಷ್ಟೆ. ಮೇಲಿನ ನಿಲ್ದಾಣದಲ್ಲೇ ಪ್ರವಾಸಿಗಳು ತುಂಬಿಕೊಂಡರು, ಟ್ರಾಮ್ ನಮ್ಮ ನಿಲ್ದಾಣದಲ್ಲಿ ನಿಲ್ಲದೆ ಹೋಯಿತು. ಎದುರುಮನೆಯ ಜುಲ್ಮಿರಾ ಅಜ್ಜಿ ಊರುಗೋಲು ಎತ್ತಿ ಹಿಡಿದು ನಿಂತೇ ಇದ್ದರು. ಒಳಗಿನಿಂದ ಯಾರೋ ಒಬ್ಬ ಅವರ ಫೋಟೋ ತೆಗೆದ.

ಚಳಿಗಾಲದಲ್ಲಿ ಅಜ್ಜಿಗೆ ಲಕ್ವ ಹೊಡೆದಿತ್ತು. ಮಂಗಳವಾರ, ಗುರುವಾರ ಬೆಳಿಗ್ಗೆ ಕೆಳಗಿನ ಆಸ್ಪತ್ರೆಯಲ್ಲಿ ಕಾಲಿಗೆ ವ್ಯಾಯಾಮ ಮಾಡಿಸುತ್ತಾರೆ. ಸತತ ಮೂರು ಸಲ ತಪ್ಪಿದರೆ ಆ ಸರದಿ ಬೇರೆಯವರಿಗೆ. ಮತ್ತೆ ಸಿಗುವಷ್ಟರಲ್ಲಿ ಕಾಲು ಮರಗಟ್ಟಿರುತ್ತದೆ. ಟ್ಯಾಕ್ಸಿಗೆ ಪಿಂಚಣಿ ಸಾಲದು. ಇವತ್ತಿನದು ಮೊದಲನೆಯದು.

ಲಿಸ್ಬನ್ ಯಾರದು? ನನ್ನ ಹಾಸಿಗೆಯ ಕೆಳಗಿರುವ ಪ್ರವಾಸೋದ್ಯಮ ವಿರೋಧಿ ಕರಪತ್ರಗಳಲ್ಲೆಲ್ಲ ಇದೇ ಪ್ರಶ್ನೆ. ಈಗ ನಾನೇ ಒಂದು ಬರೆಯುತ್ತೇನೆ — 'ಪ್ರವಾಸಿಗಳಿಗೆ ಸಲಹೆ'.

ಮೇ 20

ಬರೆದೆ. ನೀವು ಕೂತ ಸೀಟು ಇನ್ನೊಬ್ಬರ ಔಷಧಿ. ಕಾಲಿದ್ದರೆ ನಡೆಯಿರಿ. ಬರದೇ ಇದ್ದರೆ ಇನ್ನೂ ಒಳ್ಳೆಯದು.

ಟ್ರಾಮ್ ಓಡಿಸುವ ಅಡೆರಿಟೊ ನಮ್ಮ ಬೇಕರಿಗೆ ಬ್ರೆಡ್ ಕೊಳ್ಳಲು ಬಂದವನು ಓದಿದ. "ಇದು ಸಲಹೆನಾ, ಶಾಪನಾ?" ಅಂದ. ನಿನ್ನೆ ನಿಲ್ಲಿಸದೆ ಹೋದವನೂ ಇವನೇ. ಜಗಳವಾಡಿದೆ. ಚಿಲ್ಲರೆಯನ್ನೂ ತೆಗೆದುಕೊಳ್ಳದೆ ಹೋದ.

ಮೇ 21, ಗುರುವಾರ

ಬೆಳಿಗ್ಗೆ ಮೇಲಿನ ನಿಲ್ದಾಣದಲ್ಲಿ ಹಂಚಿದೆ. ಹೋಟೆಲಿನ ಜಾಹೀರಾತು ಅಂದುಕೊಂಡು ಕೆಲವರು ಥ್ಯಾಂಕ್ಸ್ ಹೇಳಿದರು. ಒಬ್ಬಳು ಮಡಚಿ ಬೀಸಣಿಗೆ ಮಾಡಿಕೊಂಡಳು.

ಟ್ರಾಮ್ ನಿಲ್ಲಲಿಲ್ಲ. ಎರಡನೆಯದು. ಅಜ್ಜಿಯೇ ನನ್ನನ್ನು ಸಮಾಧಾನ ಮಾಡಿ ಕಾಫಿ ಕೊಟ್ಟರು... ನಾಚಿಕೆಗೇಡು.

ಮೇ 24, ಭಾನುವಾರ

ಎರಡು ದಿನ ಏನೂ ಬರೆಯಲಿಲ್ಲ. ಇವತ್ತು ಬರೆಯದಿದ್ದರೆ ನಿದ್ದೆ ಬರದು.

ಅಜ್ಜಿಯ ಕೆಳಗಿನ ಮನೆ ಈಗ ಪ್ರವಾಸಿಗಳ ಬಾಡಿಗೆ ಮನೆ. ಈ ವಾರ ಅಲ್ಲಿರುವ ಬೆಲ್ಜಿಯಂನ ಗಂಡ ಹೆಂಡತಿ ಬೇಕರಿಗೆ ಬಂದರು. ಕರಪತ್ರ ಕೊಟ್ಟೆ. ಹೆಂಡತಿ ಪೂರ್ತಿ ಓದಿದಳು. ಕಳವಳಪಟ್ಟಳು. ನಾವು ಯಾರಿಗೂ ತೊಂದರೆಯಾಗಬಾರದೆಂದೇ ಬೆಳಿಗ್ಗೆ ಎಂಟು ಗಂಟೆಯೊಳಗಿನ ಟ್ರಾಮ್ ಹತ್ತುತ್ತೇವೆ, ಅದೇ ಒಳ್ಳೆಯದು ಅಂತ ಮೇಲಿನ ಮನೆಯ ಕಿಟಕಿಯ ಅಜ್ಜಿ ಹೇಳಿದರು, ಎಲ್ಲರಿಗೂ ಹಾಗೇ ಹೇಳುತ್ತಾರೆ, ಅಂದಳು.

ಏಪ್ರನ್ ಕೂಡ ಬಿಚ್ಚದೆ ಓಡಿದೆ. ಅಜ್ಜಿ ಅಡುಗೆಮನೆಯಲ್ಲಿ ಕಾಳು ಬಿಡಿಸುತ್ತಿದ್ದರು.

"ಅಜ್ಜಿ, ಬೆಳಗಿನ ಟ್ರಾಮ್ ಹತ್ತಿ ಅಂತ ಹೇಳ್ತಿರೋದು ನೀವಾ?"

"ಕೇಳ್ತಾರೆ, ಹೇಳ್ತೀನಿ."

"ನಿಮ್ಮ ಜಾಗದಲ್ಲಿ ಕೂರೋದು ಅವರೇ."

"ಗೊತ್ತು ಮಗಳೇ. ಮತ್ತೇನು, ದಾರಿ ಕೇಳಿದೋರಿಗೆ ಸುಳ್ಳು ಹೇಳ್ಲಾ?"

ಆಮೇಲೆ ಹೇಳಿದರು. ಹರೆಯದಲ್ಲಿ ಮನೆಗೆಲಸಕ್ಕೆಂದು ಪ್ಯಾರಿಸ್‌ಗೆ ಹೋಗಿ ಇಳಿದಾಗ ಭಾಷೆ ಬಾರದು, ಕೈಯಲ್ಲಿ ಒಂದು ವಿಳಾಸವಷ್ಟೆ. ಗುರುತು ಪರಿಚಯವಿಲ್ಲದ ಹೆಂಗಸೊಬ್ಬಳು ಆ ಮನೆಯ ಬಾಗಿಲವರೆಗೂ ಬಂದು ಗಂಟೆ ಒತ್ತಿ ಹೋದಳಂತೆ. ಅವತ್ತಿನಿಂದ ಅಜ್ಜಿ ಯಾರಿಗೂ ತಪ್ಪು ದಾರಿ ಹೇಳಿಲ್ಲ.

ಕಾಳಿನ ಮೇಲಿಂದ ಕಣ್ಣೆತ್ತದೆ ಅಂದರು: "ಈ ಬೀದೀಲಿ ಕತ್ತೆತ್ತಿ ನನ್ನ ಕಿಟಕಿ ನೋಡೋರು ಈಗ ಅವರು ಮಾತ್ರ, ಇರಿಯಾ. ನೀನೂ ಆ ಕಾಗದ ಓದ್ಕೊಂಡು ತಲೆ ತಗ್ಗಿಸಿಯೇ ಹೋಗ್ತೀಯ."

ಇದು ಯಾವ ಕರಪತ್ರದಲ್ಲೂ ಇಲ್ಲ. ಕೂತು ನಾನೂ ಕಾಳು ಬಿಡಿಸಿದೆ.

ಮೇ 25, ಸೋಮವಾರ, ಬೆಳಿಗ್ಗೆ

ಅಡೆರಿಟೊ ಬಂದ. ಜಗಳವಾಡದೆ ಕೇಳಿದೆ, ಯಾಕೆ ನಿಲ್ಲಿಸುವುದಿಲ್ಲ ಅಂತ.

"ಒಳಗೆ ಉಸಿರಾಡೋಕೆ ಜಾಗ ಇಲ್ಲ, ಇಳಿಯೋರು ಯಾರೂ ಇಲ್ಲ. ನಿಲ್ಲಿಸಿ ಯಾರನ್ನ ಎಲ್ಲಿ ಹತ್ತಿಸ್ಕೊಳ್ಳಲಿ? ಇಳಿಯೋರು ಗಂಟೆ ಹೊಡೀಲಿ, ನಿಲ್ಲಿಸ್ತೀನಿ. ಅಜ್ಜಿನ ನಾನೇ ಕೈ ಹಿಡಿದು ಹತ್ತಿಸ್ತೀನಿ."

ಇಳಿಯುವವರು ಬೇಕು. ಇಷ್ಟೇ... ಇಷ್ಟು ದಿನ ಹತ್ತಬೇಡಿ ಅಂತ ಕೂಗಿದೆ.

ಸಂಜೆ

ಅಜ್ಜಿಯನ್ನು ಕೇಳಿದೆ: ನಾನು ಪ್ರವಾಸಿ ಅಂದುಕೊಳ್ಳಿ, ನಮ್ಮ ನಿಲ್ದಾಣದಲ್ಲೇ ಇಳಿದು ಅಲ್ಲಿಂದ ಕೆಳಗೆ ನಡೆದುಹೋದರೆ ಹೇಗೆ? ನಿಜ ಹೇಳಬೇಕು.

ಮೆಟ್ಟಿಲ ದಾರಿಯ ಕಡೆ ಕಣ್ಣು ಹಾಯಿಸಿ ಅಂದರು: "ನಿಜ ಹೇಳಿದ್ರೆ, ಅದೇ ಚೆನ್ನ. ನಡೆದ್ರೆ ನದಿ ಕಾಣತ್ತೆ. ಟ್ರಾಮಲ್ಲಿ ಬೇರೆಯವರ ಕಂಕುಳು ಕಾಣತ್ತೆ."

ಕಿಟಕಿಯಿಂದ ಬಗ್ಗಿ ಕೆಳಗಿನ ಬೆಲ್ಜಿಯಂನವರನ್ನು ಫ್ರೆಂಚಿನಲ್ಲಿ ಕರೆದರು. ನಾಳೆ ಬೆಳಿಗ್ಗೆ ಮೇಲಿನ ನಿಲ್ದಾಣದಲ್ಲಿ ಹತ್ತಿ, ಸೀಟಲ್ಲಿ ಕೂತು, ನಮ್ಮ ನಿಲ್ದಾಣ ಬಂದಾಗ ಗಂಟೆ ಹೊಡೆದು ಇಳಿಯಿರಿ, ಆಮೇಲೆ ಮೆಟ್ಟಿಲ ದಾರಿ, ಇಳಿಯುವಾಗ ಗೋಡೆ ಹಿಡಿದುಕೊಳ್ಳಿ, ಕಲ್ಲು ಜಾರುತ್ತದೆ. ತನ್ನ ಕಾಲಿನ ಸಂಗತಿಯನ್ನೂ ಮುಚ್ಚಿಡಲಿಲ್ಲ. ನಿಲ್ದಾಣ ಗೊತ್ತಾಗುವುದು ಹೇಗೆ, ಅಂತ ಗಂಡ ಕೇಳಿದ. ಅಜ್ಜಿ ನನ್ನ ಕಡೆ ಕೈ ತೋರಿಸಿದರು: ಇವಳು ಜೊತೆಗೆ ಬರುತ್ತಾಳೆ.

ಉಳಿದ ಕರಪತ್ರಗಳಿಂದ ಒಲೆ ಹೊತ್ತಿಸಿದೆವು. ಅಜ್ಜಿ ಈಗಾಗಲೇ ಕೂದಲು ತೊಳೆದುಕೊಂಡಿದ್ದಾರೆ, ಆಸ್ಪತ್ರೆಗೆ ಹೋಗಿಯೇ ಬಿಡುವವರ ಹಾಗೆ. ತಪ್ಪಿದರೆ ನಾಳೆಯದು ಮೂರನೆಯದು. ಅವರಿಬ್ಬರು ಎದ್ದು ಬರುತ್ತಾರೋ, ರಜೆಯ ನಿದ್ದೆ ಮಾಡುತ್ತಾರೋ... ಪ್ರವಾಸಿಗಳನ್ನು ನಾನು ಇದುವರೆಗೆ ನಂಬಿದ್ದಿಲ್ಲ.

ಮೇ 26, ಮಂಗಳವಾರ, ಬೆಳಿಗ್ಗೆ ಏಳೂವರೆ, ಮೇಲಿನ ನಿಲ್ದಾಣ. ಅಗೋ, ಬೆಲ್ಜಿಯಂನ ಇಬ್ಬರೂ ಬರುತ್ತಿದ್ದಾರೆ —