ಪದಬಂಧದ ಬೆನ್ನಿನ ಕೂಪನ್ನು

ಮಾರ್ಚ್ ೧೪, ಶನಿವಾರ

ಇಪ್ಪತ್ತು ರೂಪಾಯಿ ಉಳಿಸಲು ಹೋಗಿ ಇವತ್ತು ಮಾವನ ಕೈಗೆ ಸಿಕ್ಕಿಬಿದ್ದೆ. ಪತ್ರಿಕೆಯಲ್ಲಿ ಅಡುಗೆ ಎಣ್ಣೆಯ ಕೂಪನ್ನು ಬಂದಿತ್ತು, ಎದ್ದವಳೇ ಕಚಕ್ಕನೆ ಕತ್ತರಿಸಿದೆ. ಅದರ ಬೆನ್ನಿಗೇ ಮಾವನ ಪದಬಂಧವಿದೆ ಅಂತ ನನಗೇನು ಕನಸು ಬಿದ್ದಿತ್ತೇ? ಆಮೇಲೆ ನೋಡಿದರೆ, ಹಾಳೆಯ ತೂತಿನಿಂದ ಅವರ ಒಂದು ಕಣ್ಣು ನನ್ನನ್ನೇ ದುರುಗುಟ್ಟುತ್ತಿದೆ.

"ಏನಮ್ಮಾ, ಮನೇಲಿ ಇಲಿ ಸೇರ್ಕೊಂಡಿದ್ಯಾ?"

ಕೂಪನ್ನು ಹಿಡಿದು ಅಂಗಡಿಗೆ ಓಡಿದೆ. ಎಣ್ಣೆ ಹೊತ್ತು ಬರುವಷ್ಟರಲ್ಲಿ ಮಾವ ಅದೇ ಪತ್ರಿಕೆಯ ಇನ್ನೊಂದು ಪ್ರತಿ ಕೊಂಡು ತಂದು ಕೂತಿದ್ದರು. ಅಂದರೆ ಮನೆಗೆ ಇನ್ನೊಂದು ಕೂಪನ್ನು! ನಾಳೆಯೇ ಕೊನೆಯ ದಿನ. ನಾನು ಕೈ ಚಾಚುವ ಮೊದಲೇ ಕತ್ತರಿ ಅವರ ದಿಂಬಿನ ಕೆಳಗೆ ಸೇರಿತು.

"ಪದಬಂಧ ಮುಗಿಯೋವರೆಗೂ ಇದನ್ನ ಮುಟ್ಟೋ ಹಾಗಿಲ್ಲ. ಯಾರೂ ಉತ್ತರ ಹೇಳೋ ಹಾಗೂ ಇಲ್ಲ."

ಊಟವಾಯಿತು, ಪಾತ್ರೆ ತೊಳೆದಾಯಿತು. ಇನ್ನೂ ಒಂದು ಪದ ಬಾಕಿ. ಪಕ್ಕದ ಕೋಣೆಯಿಂದ ಒಂದೇ ಸಮನೆ ಗೊಣಗಾಟ: "ದುಂದುಗಾರಿಕೆಗೆ ವಿರುದ್ಧ. ನಾಲ್ಕಕ್ಷರ. ಕೊನೇದು ಯ..."

ನನ್ನ ನಾಲಿಗೆ ತುರಿಸಿ ತುರಿಸಿ ಸಾಕಾಯಿತು. ಈಗ ತಾನೇ ಗೋಡೆಯೀಚೆಯಿಂದ ಕೂಗಿದೆ: "ಮಾವಾ, ಆ ಕೂಪನ್ನು ಕೊಟ್ರೆ ಎಷ್ಟು ಉಳಿತಾಯ ಆಗತ್ತೆ ಗೊತ್ತಾ?"

ಗೊಣಗಾಟ ನಿಂತಿತು. ಮಂಚ ಕಿರುಗುಟ್ಟಿತು.

"ಹೊಳೀತು ಕಣಮ್ಮಾ! ಯಾರ ಸಹಾಯಾನೂ ಇಲ್ದೆ!"

ಕತ್ತರಿ ತರಲು ಹೋಗುತ್ತಿದ್ದೇನೆ.